ಬೋಳು ಬಂಡೆಗಳ ಪ್ರಕರಣ: ಟರ್ಕಿ ತೀರದ ಪಾಚಿಕಾಡನ್ನು ಮೇಯ್ದವರು ಯಾರು?

2008ರಲ್ಲಿ ಟರ್ಕಿಯ ಮೆಡಿಟರೇನಿಯನ್ ತೀರದಲ್ಲಿ ನೀರಿಗಿಳಿದ ಸಂಶೋಧಕರಿಗೆ ಕಂಡದ್ದು ಉದ್ದಕ್ಕೂ ಬೋಳು ಬಂಡೆ. ಅಲ್ಲಲ್ಲಿ ಕಲ್ಲಿಗೆ ಬಣ್ಣ ಬಳಿದ ಹಾಗೆ ಅಂಟಿಕೊಂಡ ಗುಲಾಬಿ ಬಣ್ಣದ ಸುಣ್ಣದ ಪಾಚಿ, ಅಷ್ಟೇ. ಎದ್ದು ನಿಂತು ಅಲೆಯ ಜೊತೆ ಓಲಾಡುವ ಪಾಚಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ಅಂಥ ಜಾಗದಲ್ಲಿ ಇರಬೇಕಾದದ್ದು ಸಿಸ್ಟೊಸೈರಾ ಎಂಬ ಕಂದು ಪಾಚಿಯ ಕಾಡು. ಇದು ಮೊಣಕಾಲೆತ್ತರಕ್ಕೂ ಬೆಳೆಯದ ಕಾಡು. ಆದರೂ ಕಾಡು ಮಾಡುವ ಕೆಲಸವನ್ನೆಲ್ಲ ಮಾಡುತ್ತದೆ. ಕೊಂಬೆಗಳ ನಡುವೆ ಮರಿಮೀನುಗಳು ಅಡಗುತ್ತವೆ. ಬುಡದಲ್ಲಿ ಸಿಗಡಿ, ಹುಳು, ಸಣ್ಣ ಶಂಖದ ಹುಳುಗಳು ಬದುಕುತ್ತವೆ. ಅವನ್ನು ತಿನ್ನಲು ದೊಡ್ಡ ಮೀನುಗಳು ಬರುತ್ತವೆ. ಕಾಡು ಹೋದರೆ ಈ ಇಡೀ ಸಂಸಾರಕ್ಕೆ ಮನೆಯಿಲ್ಲ.

ಮೆಡಿಟರೇನಿಯನ್‌ನಲ್ಲಿ ಬೋಳು ಬಂಡೆ ಹೊಸ ವಿಷಯವೇನಲ್ಲ. ಸಾಮಾನ್ಯವಾಗಿ ಅದಕ್ಕೆ ಕಾರಣ ಸೀ ಅರ್ಚಿನ್, ಅಂದರೆ ಮೈತುಂಬ ಮುಳ್ಳು ತುಂಬಿದ ಉಂಡೆಯಂಥ ಪ್ರಾಣಿ. ಅದನ್ನು ತಿನ್ನುವ ಮೀನುಗಳನ್ನು ಮನುಷ್ಯ ಹಿಡಿದು ಮುಗಿಸಿದರೆ ಅರ್ಚಿನ್ ಸಂಖ್ಯೆ ಏರುತ್ತದೆ, ಬಂಡೆ ಬೋಳಾಗುತ್ತದೆ. ಹಾಗಾಗಿ ಬೋಳು ಬಂಡೆ ಕಂಡ ಕೂಡಲೇ ಕಡಲ ವಿಜ್ಞಾನಿಗಳು ಮೊದಲು ಅರ್ಚಿನ್ ಎಣಿಸುತ್ತಾರೆ. ಇಲ್ಲೂ ಎಣಿಸಿದರು. ಸಿಕ್ಕಿದ್ದು ತೀರಾ ವಿರಳ. ಮೇಯ್ದ ಗುರುತು ಎಲ್ಲೆಲ್ಲೂ ಇದೆ, ಮೇಯುವವರು ಮಾತ್ರ ಕಾಣುತ್ತಿಲ್ಲ.

ಹಾಗಾದರೆ ಮೇಯ್ದದ್ದು ಯಾರು?

ಹಿಂಡುಹಿಂಡಾಗಿ ಬರುವ ಮೀನು

ಅದೇ ನೀರಿನಲ್ಲಿ, ಅದೇ ಬಂಡೆಗಳ ಮೇಲೆ, ಎರಡು ಜಾತಿಯ ರ‍್ಯಾಬಿಟ್‌ಫಿಶ್ ಓಡಾಡುತ್ತಿದ್ದವು. ಒಂದು ಸಿಗಾನಸ್ ರಿವುಲೇಟಸ್, ಇನ್ನೊಂದು ಸಿಗಾನಸ್ ಲೂರಿಡಸ್. ಮೊದಲನೆಯದು ತೆಳು ಬಣ್ಣದ್ದು, ಪಕ್ಕದಲ್ಲಿ ಹಳದಿ ಛಾಯೆಯ ಸಣ್ಣ ಗೆರೆಗಳಿರುತ್ತವೆ. ಎರಡನೆಯದು ಗಾಢ ಕಂದು. ಎರಡೂ ಸಾಮಾನ್ಯವಾಗಿ ಒಂದು ಗೇಣಿನಷ್ಟು ಉದ್ದ. ಮೂತಿ ಚಿಕ್ಕದು, ತುಟಿ ಮೊಲದ್ದರ ಹಾಗೆ. ಬೆಳಗಿನಿಂದ ಸಂಜೆಯವರೆಗೆ ಕಲ್ಲನ್ನು ಕಚ್ಚಿ ಕಚ್ಚಿ ಪಾಚಿ ತಿನ್ನುವುದೇ ಇವುಗಳ ಕೆಲಸ.

ರಿವುಲೇಟಸ್ ದೊಡ್ಡ ಹಿಂಡು ಕಟ್ಟುತ್ತದೆ. ಕೆಲವೊಮ್ಮೆ ನೂರಾರು ಮೀನು ಒಟ್ಟಿಗೆ ಬಂಡೆಯ ಮೇಲಿಳಿದು, ಮೇಯ್ದು, ಮುಂದಿನ ಬಂಡೆಗೆ ಹೋಗುತ್ತವೆ. ಲೂರಿಡಸ್ ಮೂರು ನಾಲ್ಕರ ಸಣ್ಣ ಗುಂಪಿನಲ್ಲಿ ಕಾಣುವುದು ಜಾಸ್ತಿ. ಆಳವಿಲ್ಲದ, ಬಿಸಿಲು ಬೀಳುವ, ಕಲ್ಲು ತುಂಬಿದ ತೀರವೇ ಎರಡಕ್ಕೂ ಇಷ್ಟ. ಪಾಚಿ ಬೆಳೆಯುವುದೂ ಅಲ್ಲೇ.

ಈ ಮೀನಿನ ಮೈಮೇಲೆ ಒಟ್ಟು 24 ಗಟ್ಟಿ ಮುಳ್ಳುಗಳಿವೆ. ಬೆನ್ನಿನ ರೆಕ್ಕೆಯಲ್ಲಿ 13, ಹೊಟ್ಟೆಯ ಕೆಳಗೆ ಬಾಲದ ಕಡೆಯ ರೆಕ್ಕೆಯಲ್ಲಿ 7, ಹೊಟ್ಟೆಯ ಜೋಡಿ ರೆಕ್ಕೆಗಳಲ್ಲಿ ಎರಡೆರಡು. ಎಲ್ಲದರಲ್ಲೂ ವಿಷ. ಚುಚ್ಚಿದರೆ ಪ್ರಾಣ ಹೋಗುವುದಿಲ್ಲ, ಆದರೆ ಉರಿ ಗಂಟೆಗಟ್ಟಲೆ ಕಾಡುತ್ತದೆ. ಚುಚ್ಚಿಸಿಕೊಂಡ ಕೈಯನ್ನು ತಡೆಯಬಹುದಾದಷ್ಟು ಬಿಸಿನೀರಿನಲ್ಲಿ ಇಡುವುದು ವಾಡಿಕೆಯ ಚಿಕಿತ್ಸೆ, ಏಕೆಂದರೆ ಈ ವಿಷ ಶಾಖಕ್ಕೆ ಕೆಡುತ್ತದೆ. ಬಲೆ ಬಿಡಿಸುವ ಮೀನುಗಾರರಿಗೆ ಇದರ ಅನುಭವ ಚೆನ್ನಾಗಿದೆ. ಟರ್ಕಿಯ ಮೀನುಗಾರರು ಇದನ್ನು ಸೋಕರ್ ಎನ್ನುತ್ತಾರೆ, ಸೈಪ್ರಸ್‌ನವರು ಕುರ್ಕೂನ ಎನ್ನುತ್ತಾರೆ.

ಮೆಡಿಟರೇನಿಯನ್‌ನಲ್ಲಿ ಮೊದಲಿನಿಂದ ಇದ್ದ, ಮುಖ್ಯವಾಗಿ ಪಾಚಿಯನ್ನೇ ನಂಬಿ ಬದುಕುವ ತೀರದ ಮೀನುಗಳು ಬೆರಳೆಣಿಕೆಯಷ್ಟು. ಮೈಮೇಲೆ ಚಿನ್ನದ ಗೆರೆಗಳಿರುವ ಸಾಲೇಮಾ ಒಂದು, ಅಲ್ಲಿನ ಪ್ಯಾರಟ್‌ಫಿಶ್ ಇನ್ನೊಂದು. ಅಂದರೆ ಆ ಪಾಚಿಕಾಡು ಸಾವಿರಾರು ವರ್ಷ ಇಂಥ ಮೇಯುವಿಕೆಗೆ ಸಿಕ್ಕಿಯೇ ಇರಲಿಲ್ಲ. ಈ ಪ್ರಕರಣದಲ್ಲಿ ನೆನಪಿಡಬೇಕಾದ ವಿಷಯ ಇದು.

ಕಾಲುವೆ ದಾಟಿ ಬಂದದ್ದು

ಈ ಎರಡೂ ಮೀನು ಕೆಂಪು ಸಮುದ್ರದವು. ರಿವುಲೇಟಸ್‌ಗೆ ವೈಜ್ಞಾನಿಕ ಹೆಸರು ಬಂದದ್ದು 1775ರಲ್ಲಿ. ಡೆನ್ಮಾರ್ಕಿನ ದೊರೆ ಕಳಿಸಿದ ಅರೇಬಿಯಾ ಯಾತ್ರೆಯಲ್ಲಿದ್ದ ಪೀಟರ್ ಫೋರ್ಸ್‌ಕಾಲ್ ಕೆಂಪು ಸಮುದ್ರದ ಮೀನುಗಳನ್ನು ಕಲೆಹಾಕಿ ವಿವರ ಬರೆದಿಟ್ಟಿದ್ದ. 1763ರಲ್ಲಿ ಯೆಮನ್‌ನಲ್ಲಿ ಮಲೇರಿಯಾದಿಂದ ತೀರಿಕೊಂಡ. ಜೊತೆಗಾರ ಕಾರ್ಸ್ಟೆನ್ ನೀಬೂರ್ ಒಬ್ಬನೇ ಬದುಕುಳಿದು, ಮುಂಬೈಗೂ ಬಂದು ಹೋಗಿ, ಕೊನೆಗೆ ಗೆಳೆಯನ ಟಿಪ್ಪಣಿಗಳನ್ನು ಅಚ್ಚು ಹಾಕಿಸಿದ. ಫೋರ್ಸ್‌ಕಾಲ್ ಈ ಮೀನನ್ನು ನೋಡಿದಾಗ ಅದಕ್ಕೂ ಮೆಡಿಟರೇನಿಯನ್‌ಗೂ ನಡುವೆ ಮರಳುಗಾಡಿತ್ತು.

1869ರ ನವೆಂಬರ್ 17ರಂದು ಸೂಯೆಜ್ ಕಾಲುವೆ ತೆರೆಯಿತು. ಪನಾಮ ಕಾಲುವೆಯಲ್ಲಿರುವಂಥ ಬಾಗಿಲುಗಳು ಇದರಲ್ಲಿಲ್ಲ. ಒಂದು ಕಡಲಿನ ನೀರು ನೇರವಾಗಿ ಇನ್ನೊಂದಕ್ಕೆ ಸೇರುತ್ತದೆ. ವರ್ಷದ ಬಹುಪಾಲು ನೀರು ಹರಿಯುವುದು ಕೆಂಪು ಸಮುದ್ರದಿಂದ ಉತ್ತರಕ್ಕೆ. ಹಾಗಿದ್ದರೂ ಮೀನುಗಳು ಮರುದಿನವೇ ದಾಟಲಿಲ್ಲ. ಕಾಲುವೆಯ ದಾರಿಯಲ್ಲಿ ಬಿಟ್ಟರ್ ಲೇಕ್ಸ್ ಎಂಬ ಕೆರೆಗಳಿವೆ. ಅವುಗಳ ತಳದಲ್ಲಿ ದಪ್ಪ ಉಪ್ಪಿನ ಪದರ ಇತ್ತು. ಆ ನೀರು ಕಡಲಿಗಿಂತ ಎಷ್ಟೋ ಪಾಲು ಉಪ್ಪು. ಅದು ಕರಗಿ ತಿಳಿಯಾಗಲು ದಶಕಗಳು ಬೇಕಾದವು. ಆಚೆ ಕಡೆ ನೈಲ್ ನದಿಯ ಪ್ರವಾಹದ ಸಿಹಿನೀರೂ ಒಂದು ಅಡ್ಡಿಯಾಗಿತ್ತು. ಆಸ್ವಾನ್ ದೊಡ್ಡ ಅಣೆಕಟ್ಟು ಬಂದ ಮೇಲೆ ಅದೂ ತಗ್ಗಿತು. 2015ರಲ್ಲಿ ಕಾಲುವೆಯನ್ನು ಇನ್ನಷ್ಟು ಅಗಲ ಮಾಡಿದರು. ಕೆಂಪು ಸಮುದ್ರದಿಂದ ಹೀಗೆ ದಾಟಿ ಬಂದ ಮೀನು ಜಾತಿಗಳು ಈಗ ನೂರಕ್ಕೂ ಹೆಚ್ಚು.

ರಿವುಲೇಟಸ್ ಮೆಡಿಟರೇನಿಯನ್‌ನಲ್ಲಿ ಮೊದಲು ದಾಖಲಾದದ್ದು 1924ರಲ್ಲಿ, ಪ್ಯಾಲೆಸ್ಟೈನ್ ತೀರದಲ್ಲಿ. ಲೂರಿಡಸ್ ಸಿಕ್ಕಿದ್ದು 1950ರ ದಶಕದ ನಡುವೆ, ಇಸ್ರೇಲ್ ತೀರದಲ್ಲಿ. ಅಲ್ಲಿಂದ ಲೆಬನಾನ್, ಸಿರಿಯಾ, ಸೈಪ್ರಸ್, ಟರ್ಕಿ, ಗ್ರೀಸ್ ಎಂದು ತೀರ ಹಿಡಿದು ಹೋದವು.

ಹೊಸ ಜಾಗಕ್ಕೆ ಬಂದ ಜೀವಿಗಳ ವಂಶವಾಹಿ ವೈವಿಧ್ಯ ಸಾಮಾನ್ಯವಾಗಿ ಕುಗ್ಗಿರುತ್ತದೆ, ಏಕೆಂದರೆ ಬಂದವರು ಕೆಲವರೇ. ರ‍್ಯಾಬಿಟ್‌ಫಿಶ್ ವಿಷಯದಲ್ಲಿ ಹಾಗಾಗಿಲ್ಲ. 2003ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಮೆಡಿಟರೇನಿಯನ್ ಮೀನುಗಳಲ್ಲಿ ಅಂಥ ದೊಡ್ಡ ಕುಗ್ಗುವಿಕೆ ಕಾಣಲಿಲ್ಲ. ಎಲ್ಲೋ ನಾಲ್ಕು ಮೀನು ದಾರಿ ತಪ್ಪಿ ಬಂದದ್ದಲ್ಲ ಇದು. ಸಾಕಷ್ಟು ಮೀನು ದಾಟಿವೆ. ಇನ್ನು ಇವನ್ನು ಹುಡುಕಿ ಹುಡುಕಿ ಪೂರ್ತಿ ತೆಗೆದುಹಾಕುತ್ತೇವೆ ಎನ್ನುವುದು ಆಗದ ಮಾತು. ಪರಿಹಾರದ ಬಗ್ಗೆ ಯೋಚಿಸುವಾಗ ಇಲ್ಲಿಂದಲೇ ಶುರು ಮಾಡಬೇಕು ಎಂದು ನನಗನಿಸುತ್ತದೆ.

ಮೂರು ತಿಂಗಳ ಜಾಲರಿ

ಮತ್ತೆ 2008ರ ಬೋಳು ಬಂಡೆಗೆ ಬರೋಣ. ನ್ಯಾಷನಲ್ ಜಿಯಾಗ್ರಫಿಕ್‌ನ ಕಡಲ ವಿಜ್ಞಾನಿ ಎನ್ರಿಕ್ ಸಾಲಾ, ಟರ್ಕಿಯ ಝಾಫರ್ ಕಿಝಿಲ್ಕಾಯಾ ಮತ್ತು ಅವರ ಸಂಗಡಿಗರು ತುಂಬ ಸರಳವಾದ ಒಂದು ಪ್ರಯೋಗ ಮಾಡಿದರು. ಬಂಡೆಯ ಒಂದಿಷ್ಟು ಭಾಗಕ್ಕೆ ಮೀನು ಒಳಗೆ ಬರದ ಹಾಗೆ ಜಾಲರಿ ಕಟ್ಟಿದರು. ಉಳಿದ ಬಂಡೆ ಎಂದಿನಂತೆ ಮೀನಿಗೆ ತೆರೆದೇ ಇತ್ತು. ಆಮೇಲೆ ಕಾದರು.

ಮೂರು ತಿಂಗಳೊಳಗೆ ಜಾಲರಿಯ ಒಳಗೆ ಪಾಚಿ ಚೆನ್ನಾಗಿ ಬೆಳೆದು ನಿಂತಿತು. ಹೊರಗಿನ ಬಂಡೆ ಬೋಳಾಗಿಯೇ ಉಳಿಯಿತು. ಈ ಫಲಿತಾಂಶ 2011ರಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಈ ಮೂರು ತಿಂಗಳು ಎಷ್ಟು ವಿಷಯ ಹೇಳುತ್ತದೆ ನೋಡಿ. ನೀರು ಕೆಟ್ಟು ಪಾಚಿ ಸತ್ತಿದೆ ಎನ್ನುವ ವಾದ ನಿಲ್ಲುವುದಿಲ್ಲ. ಜಾಲರಿಯ ಒಳಗೂ ಹೊರಗೂ ಒಂದೇ ನೀರು, ಅಲ್ವಾ? ಬೀಜಕಣಗಳೇ ಬರುತ್ತಿಲ್ಲ ಎನ್ನುವುದೂ ನಿಲ್ಲುವುದಿಲ್ಲ. ಕಲ್ಲಿಗೆ ಪಾಚಿ ಹಿಡಿಸುವ ಶಕ್ತಿ ಇದೆ, ನೀರಿನಲ್ಲಿ ಬೆಳೆಸುವ ಶಕ್ತಿ ಇದೆ. ಮೊಳಕೆ ಏಳುವ ಮೊದಲೇ ಯಾರೋ ತಿಂದುಹಾಕುತ್ತಿದ್ದಾರೆ. ಮೊದಲ ಸಲ ಇದನ್ನು ಓದಿದಾಗ ನನಗೆ ದುಃಖಕ್ಕಿಂತ ಹೆಚ್ಚಾಗಿ ಧೈರ್ಯ ಬಂತು. ಬಂಡೆ ಸತ್ತಿಲ್ಲ.

ಆದರೆ ಪ್ರಯೋಗ ಹೇಳದ್ದನ್ನು ಅದರ ಬಾಯಲ್ಲಿ ಹೇಳಿಸಬಾರದು. ಜಾಲರಿ ಎಲ್ಲ ಮೀನನ್ನೂ ಹೊರಗಿಡುತ್ತದೆ. ರ‍್ಯಾಬಿಟ್‌ಫಿಶ್ ಜೊತೆಗೆ ಸಾಲೇಮಾ, ಪ್ಯಾರಟ್‌ಫಿಶ್ ಕೂಡ ಹೊರಗೇ. ಹಾಗಾಗಿ ಇದು ರುಜುವಾತು ಮಾಡಿದ್ದು "ಮೀನು ಮೇಯ್ದಿದೆ" ಎಂಬುದನ್ನು. "ಇದೇ ಮೀನು ಮೇಯ್ದಿದೆ" ಎಂಬ ತೀರ್ಮಾನಕ್ಕೆ ಅವರು ಬಂದದ್ದು ನೀರೊಳಗೆ ಮೀನು ಎಣಿಸಿ, ಯಾವುದು ಏನು ತಿನ್ನುತ್ತದೆ ಎಂದು ನೋಡಿ. ಬಲವಾದ ಸಾಕ್ಷಿಯೇ, ಆದರೆ ಬೇರೆ ಥರದ ಸಾಕ್ಷಿ. ಲೇಖಕರೂ ತಮ್ಮ ಮಾತನ್ನು ಎಚ್ಚರದಿಂದಲೇ ಆಡಿದ್ದಾರೆ.

ಇನ್ನೊಂದು ಕೊರತೆ ಜಾಸ್ತಿ ನೋವು ಕೊಡುವಂಥದ್ದು. ಈ ಬಂಡೆಗಳು ರ‍್ಯಾಬಿಟ್‌ಫಿಶ್ ಬರುವ ಮೊದಲು ಹೇಗಿದ್ದವು ಎಂದು ಅಳೆದಿಟ್ಟ ಲೆಕ್ಕ ಕೈಯಲ್ಲಿರಲಿಲ್ಲ. ಮೀನು ಬಂದು ನೆಲೆಸಿ ದಶಕಗಳಾದ ಮೇಲೆ ವಿಜ್ಞಾನ ಬಂತು.

ಸಾವಿರ ಕಿಲೋಮೀಟರ್ ಉದ್ದದ ಹೋಲಿಕೆ

ಕಾಲದಲ್ಲಿ ಹಿಂದೆ ಹೋಗಲು ಆಗದಿದ್ದರೆ ಜಾಗ ಬದಲಿಸಿ ಹೋಲಿಸಬಹುದು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಅಡ್ರಿಯಾನಾ ವರ್ಜೆಸ್ ನೇತೃತ್ವದ ತಂಡ ಮಾಡಿದ್ದು ಇದನ್ನೇ. ಟರ್ಕಿ ಮತ್ತು ಗ್ರೀಸ್‌ನ ಸಾವಿರ ಕಿಲೋಮೀಟರಿಗೂ ಹೆಚ್ಚು ತೀರವನ್ನು ಸಮೀಕ್ಷೆ ಮಾಡಿ 2014ರಲ್ಲಿ ಪ್ರಕಟಿಸಿದರು. ತೀರ ಎರಡು ಭಾಗವಾಗಿ ಕಂಡಿತು. ಬೆಚ್ಚಗಿನ ಭಾಗದಲ್ಲಿ ರ‍್ಯಾಬಿಟ್‌ಫಿಶ್ ಹೇರಳ. ತಂಪಾದ ಭಾಗದಲ್ಲಿ ಅವು ಅಪರೂಪ, ಇಲ್ಲವೇ ಇಲ್ಲ.

ರ‍್ಯಾಬಿಟ್‌ಫಿಶ್ ತುಂಬಿದ ಕಡೆ ದೊಡ್ಡ ಪಾಚಿಗಳ ಪ್ರಮಾಣ 65% ಕಡಿಮೆ. ಬಂಡೆಯ ಮೇಲಿನ ಎಲ್ಲ ಪಾಚಿ ಮತ್ತು ಬಂಡೆಗೆ ಅಂಟಿ ಬದುಕುವ ಸಣ್ಣ ಪ್ರಾಣಿಗಳ ಒಟ್ಟು ತೂಕ 60% ಕಡಿಮೆ. ಒಟ್ಟು ಜಾತಿಗಳ ಸಂಖ್ಯೆ 40% ಕಡಿಮೆ. ಈ ಕೊನೆಯ ಅಂಕಿಯೇ ನನ್ನನ್ನು ಜಾಸ್ತಿ ಕಾಡುತ್ತದೆ. ಮೀನು ತಿನ್ನುವುದು ಪಾಚಿಯನ್ನು. ಹೋದದ್ದು ಪಾಚಿಯನ್ನು ನಂಬಿದವರೆಲ್ಲ.

ಬೆಚ್ಚಗಿನ ನೀರೇ ಪಾಚಿಯನ್ನು ಕೊಂದಿರಬಾರದೇಕೆ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಇಂಥ ಹೋಲಿಕೆಯಲ್ಲಿ ಮೀನನ್ನೂ ಬಿಸಿಯನ್ನೂ ಪೂರ್ತಿ ಬೇರ್ಪಡಿಸುವುದು ಕಷ್ಟ. ಅದಕ್ಕೇ ಎರಡು ಅಧ್ಯಯನಗಳನ್ನು ಒಟ್ಟಿಗೆ ಓದಬೇಕು. ಬೆಚ್ಚಗಿನ ನೀರಿನಲ್ಲೂ ಜಾಲರಿ ಕಟ್ಟಿದರೆ ಪಾಚಿ ಬರುತ್ತದೆ ಎಂದು ಮೊದಲನೆಯದು ತೋರಿಸಿದೆ. ಬಿಸಿ ಇಲ್ಲಿ ಸುಮ್ನೆ ಕೂತಿಲ್ಲ ಅನ್ನುವುದೂ ನಿಜ. ಉಷ್ಣವಲಯದ ಈ ಮೀನಿಗೆ ಚಳಿಗಾಲ ದಾಟುವುದೇ ದೊಡ್ಡ ಕಷ್ಟ. ಕಡಲು ಬೆಚ್ಚಗಾದಷ್ಟೂ ಆ ಕಷ್ಟ ತಗ್ಗುತ್ತದೆ, ಮೀನಿನ ಗಡಿ ಪಶ್ಚಿಮಕ್ಕೂ ಉತ್ತರಕ್ಕೂ ಸರಿಯುತ್ತದೆ. ಸಿಸಿಲಿಯ ಕೆಳಗಿನ ಲಿನೋಸಾ ದ್ವೀಪದಲ್ಲಿ 2003ರಲ್ಲಿ ಲೂರಿಡಸ್ ಸಿಕ್ಕಿತು. 2008ರಲ್ಲಿ ಫ್ರಾನ್ಸಿನ ಮಾರ್ಸೇ ಹತ್ತಿರ ಸಿಕ್ಕಿತು.

ಮರ ತಿನ್ನುವುದು ಬೇರೆ, ಸಸಿ ತಿನ್ನುವುದು ಬೇರೆ

ಸಾಲೇಮಾ ಕೂಡ ಪಾಚಿ ತಿನ್ನುತ್ತದೆ, ಅದೂ ಹಿಂಡು ಕಟ್ಟಿಯೇ ತಿನ್ನುತ್ತದೆ. ಹಾಗಿದ್ದರೂ ಸಾಲೇಮಾ ಇರುವ ಪಶ್ಚಿಮ ಮೆಡಿಟರೇನಿಯನ್‌ನಲ್ಲಿ ಪಾಚಿಕಾಡು ಉಳಿದಿದೆ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ವರ್ಜೆಸ್ ತಂಡ ನೀರೊಳಗೆ ಕ್ಯಾಮೆರಾ ಇಟ್ಟು ಇದನ್ನು ಹುಡುಕಿತು. ರ‍್ಯಾಬಿಟ್‌ಫಿಶ್ ಬರೀ ಬೆಳೆದ ಪಾಚಿಯನ್ನಷ್ಟೇ ತಿನ್ನುವುದಿಲ್ಲ. ಕಲ್ಲಿನ ಮೇಲೆ ಹಾಸಿದ ಸಣ್ಣ ಪಾಚಿಯ ತೆಳು ಪದರವನ್ನೂ ಬಿಡದೆ ಕೆರೆಯುತ್ತದೆ. ಆ ಪದರದಲ್ಲೇ ಮುಂದಿನ ಕಾಡಿನ ಮೊಳಕೆಗಳಿರುವುದು.

ಊರ ಪಕ್ಕದ ಗುಡ್ಡಕ್ಕೆ ದಿನಾ ಮೇಕೆ ಬಿಟ್ಟರೆ ಏನಾಗುತ್ತದೆ ಎಂದು ನಾವು ನೋಡಿದ್ದೇವೆ. ದೊಡ್ಡ ಮರಗಳು ಕೆಲವು ವರ್ಷ ಹಾಗೇ ನಿಂತಿರುತ್ತವೆ. ನೋಡುವವರಿಗೆ ಗುಡ್ಡ ಹಸಿರಾಗಿಯೇ ಕಾಣುತ್ತದೆ. ಆದರೆ ಒಂದು ಸಸಿಯೂ ಮೇಲೇಳುವುದಿಲ್ಲ. ಮರಗಳು ಮುಪ್ಪಾಗಿ ಬಿದ್ದಾಗ ಅವುಗಳ ಜಾಗಕ್ಕೆ ಬರುವವರಿಲ್ಲ. ಟರ್ಕಿಯ ಬಂಡೆಗಳಲ್ಲಿ ನಡೆದದ್ದೂ ಇದೇ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಬೋಳು ಮಾಡುವುದಕ್ಕಿಂತ, ಬೋಳಾದದ್ದನ್ನು ಬೋಳಾಗಿಯೇ ಇಡುವುದರಲ್ಲಿ ಈ ಮೀನಿನ ಪಾತ್ರ ದೊಡ್ಡದು.

ಸಿಸ್ಟೊಸೈರಾಗೆ ಇದು ಇನ್ನೂ ದುಬಾರಿ. ಅದರ ಬೀಜಕಣಗಳು ಭಾರ. ತಾಯಿಗಿಡದ ಹತ್ತಿರವೇ ಬೀಳುತ್ತವೆ, ದೂರ ಹೋಗುವುದಿಲ್ಲ. ಒಂದು ಕೊಲ್ಲಿಯಲ್ಲಿ ತಾಯಿಗಿಡಗಳೇ ಇಲ್ಲವಾದರೆ ಪಕ್ಕದ ಕೊಲ್ಲಿಯಿಂದ ಬೇಗ ತುಂಬಿಕೊಳ್ಳುವುದಿಲ್ಲ. ಹಾಗಾಗಿ ಮೂರು ತಿಂಗಳಲ್ಲಿ ಪಾಚಿ ಬಂತು ಎಂದರೆ ಹಳೆಯ ಕಾಡು ಪೂರ್ತಿ ಮರಳಿತು ಎಂದಲ್ಲ. ಮೊದಲು ಬರುವುದು ಬೇಗ ಬೆಳೆಯುವ ಪಾಚಿಗಳು.

ಇದನ್ನೆಲ್ಲ ಓದಿ ರ‍್ಯಾಬಿಟ್‌ಫಿಶ್ ಅನ್ನು ಕೇಡಿ ಎಂದುಕೊಳ್ಳುವುದು ಬೇಡ. ಇದೇ ಕುಲದ ಬೇರೆ ಜಾತಿಗಳು ನಮ್ಮ ದೇಶದ ಎರಡೂ ಕರಾವಳಿಗಳಲ್ಲಿ ಮೊದಲಿನಿಂದ ಇವೆ, ಅಲ್ಲಿ ಅವು ಮನೆಯವರೇ. ಲಕ್ಷದ್ವೀಪದಂಥ ಹವಳದ ದಿಬ್ಬಗಳಲ್ಲಿ ಪಾಚಿ ತಿನ್ನುವ ಮೀನುಗಳಿಂದ ಉಪಕಾರವೇ ಜಾಸ್ತಿ. ನೀರು ಬಿಸಿಯಾಗಿ ಹವಳ ಸತ್ತಾಗ ಆ ಕಲ್ಲನ್ನು ಪಾಚಿ ಮುಚ್ಚಿಬಿಡದ ಹಾಗೆ ಇವು ಮೇಯುತ್ತವೆ. ಹೊಸ ಹವಳದ ಮರಿಗೆ ಕೂರಲು ಜಾಗ ಸಿಗುತ್ತದೆ. ಕಲ್ಲು ಕೆರೆಯುವ ಆ ಅಭ್ಯಾಸವೇ ಹವಳದ ಊರಿನಲ್ಲಿ ಊರು ಕಟ್ಟುತ್ತದೆ, ಪಾಚಿಯ ಊರಿನಲ್ಲಿ ಊರು ಖಾಲಿ ಮಾಡಿಸುತ್ತದೆ. ಮೀನು ಬದಲಾಗಿಲ್ಲ. ಅದು ಮೇಯುವ ಜಾಗವನ್ನು ನಾವು ಕಾಲುವೆ ಅಗೆದು, ಕಡಲು ಕಾಯಿಸಿ ಬದಲಿಸಿದೆವು.

ಈಗೇನು ಮಾಡುತ್ತಿದ್ದಾರೆ, ಏನು ಮಾಡಬಹುದು

2011ರ ಲೇಖನ ಕೊಟ್ಟ ಸಲಹೆ ಸರಳ: ಈ ಮೀನನ್ನೇ ಗುರಿಯಿಟ್ಟು ಹಿಡಿಯಿರಿ. ಇದಕ್ಕೆ ನೆಲೆ ಇದೆ. ಸೈಪ್ರಸ್ ಮತ್ತು ಲೆಬನಾನ್‌ನಲ್ಲಿ ಜನ ಇದನ್ನು ಇಷ್ಟಪಟ್ಟು ತಿನ್ನುತ್ತಾರೆ. ಮಾಂಸ ಬೆಳ್ಳಗೆ, ಗಟ್ಟಿ. ಎರಡು ಜಾಗ್ರತೆ ಬೇಕು. ಮುಳ್ಳುಗಳನ್ನು ಮೊದಲೇ ಕತ್ತರಿಸಬೇಕು, ಏಕೆಂದರೆ ಸತ್ತ ಮೀನಿನ ಮುಳ್ಳೂ ಚುಚ್ಚುತ್ತದೆ. ಹೊಟ್ಟೆಯ ತುಂಬ ಪಾಚಿ ಇರುವುದರಿಂದ ಕರುಳನ್ನು ಬೇಗ ತೆಗೆಯಬೇಕು. ತಡವಾದರೆ ಅದರ ವಾಸನೆ ಮಾಂಸಕ್ಕೆ ಹತ್ತುತ್ತದೆ. ಈ ಮೀನು ಬೇಡ ಎನ್ನುವ ಊರುಗಳಲ್ಲಿ ರುಚಿಯ ಬಗ್ಗೆ ಇರುವ ದೂರಿಗೆ ಇದೂ ಒಂದು ಕಾರಣ ಇರಬಹುದು.

ಹಿಡಿದು ತಿನ್ನುವುದಷ್ಟೇ ಸಾಕೇ? ನನಗೆ ಹಾಗನಿಸುವುದಿಲ್ಲ. ಮೀನು ಕಡಿಮೆಯಾದಂತೆ ಹಿಡಿಯುವ ಖರ್ಚು ಏರುತ್ತದೆ, ಮೀನುಗಾರ ಬೇರೆ ಮೀನಿನ ಕಡೆ ಹೋಗುತ್ತಾನೆ. ಪಾಚಿ ಮರಳುವಷ್ಟು ಕೆಳಕ್ಕೆ ಸಂಖ್ಯೆ ಇಳಿಯುವ ಮೊದಲೇ ಇದು ಆಗಿಬಿಡಬಹುದು. ಮತ್ತೆ, ಬಲೆಗೆ ರ‍್ಯಾಬಿಟ್‌ಫಿಶ್ ಒಂದೇ ಬೀಳುವುದಿಲ್ಲ. ಅದರ ಮರಿಗಳನ್ನು ತಿನ್ನಬಲ್ಲ ಗ್ರೂಪರ್ ಕೂಡ ಬೀಳುತ್ತದೆ. ನಮ್ಮ ಕರಾವಳಿಯ ಮುರು ಮೀನಿನ ಬಳಗದ್ದು ಅದು. ನಿಧಾನ ಬೆಳೆಯುತ್ತದೆ, ಒಮ್ಮೆ ಕಡಿಮೆಯಾದರೆ ಮರಳಲು ವರ್ಷಗಳು ಬೇಕು.

ಇನ್ನೊಂದು ದಾರಿ, ಮೀನುಗಾರಿಕೆಯನ್ನೇ ನಿಲ್ಲಿಸಿದ ರಕ್ಷಿತ ಪ್ರದೇಶ. ಟರ್ಕಿಯ ಗೊಕೊವಾ ಕೊಲ್ಲಿಯಲ್ಲಿ 2010ರಲ್ಲಿ ಇಂಥ ಆರು ಭಾಗಗಳನ್ನು ಗುರುತಿಸಿದರು. ಸ್ಥಳೀಯ ಮೀನುಗಾರರನ್ನೇ ಕಾವಲಿಗೆ ಸೇರಿಸಿಕೊಂಡರು. ಬೆಲೆಬಾಳುವ ಮೀನುಗಳು ಮತ್ತೆ ಹೆಚ್ಚಿದವು. ಜಾಲರಿ ಪ್ರಯೋಗದಲ್ಲಿದ್ದ ಝಾಫರ್ ಕಿಝಿಲ್ಕಾಯಾ ಈ ಕೆಲಸದ ಮುಂದಾಳು. 2020ರಲ್ಲಿ ಟರ್ಕಿ ಸರ್ಕಾರ ಇಂಥ ಪ್ರದೇಶಗಳನ್ನು ವಿಸ್ತರಿಸಲು ಒಪ್ಪಿತು. 2023ರಲ್ಲಿ ಕಿಝಿಲ್ಕಾಯಾ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು.

ಆದರೆ ರಕ್ಷಣೆಯಲ್ಲಿ ಒಂದು ತೊಡಕಿದೆ. ಬಲೆ ನಿಲ್ಲಿಸಿದರೆ ಗ್ರೂಪರ್ ಜೊತೆ ರ‍್ಯಾಬಿಟ್‌ಫಿಶ್‌ಗೂ ರಕ್ಷಣೆ ಸಿಗುತ್ತದೆ. ದೊಡ್ಡ ಮೀನುಗಳು ಮರಳಿದ ಮಾತ್ರಕ್ಕೆ ಕಾಡೂ ಮರಳುತ್ತದೆ ಎಂದು ನಂಬಿ ಕೂರಲು ಆಗುವುದಿಲ್ಲ. ನನ್ನ ಅಭಿಪ್ರಾಯ ಹೇಳುವುದಾದರೆ, ಎರಡನ್ನೂ ಒಟ್ಟಿಗೆ ಮಾಡಬೇಕು. ರಕ್ಷಿತ ಪ್ರದೇಶದೊಳಗೆ ಬೇರೆಲ್ಲ ಮೀನುಗಾರಿಕೆ ಬಂದ್ ಆಗಿರಲಿ, ರ‍್ಯಾಬಿಟ್‌ಫಿಶ್ ಮಾತ್ರ ಆರಿಸಿ ಹಿಡಿಯಲು ಆಯ್ದ ಮೀನುಗಾರರಿಗೆ ಅನುಮತಿ ಇರಲಿ. ಬಲೆಯ ಬದಲು ಈಟಿಯಂಥ ಸಾಧನ ಬಳಸಿದರೆ ಬೇರೆ ಮೀನಿಗೆ ಪೆಟ್ಟಾಗುವುದಿಲ್ಲ. ಕಾವಲಿಗೆ ಮೀನುಗಾರರು ಈಗಾಗಲೇ ಇದ್ದಾರೆ, ಅವರಿಗೆ ನೀರೂ ಗೊತ್ತು, ಮೀನೂ ಗೊತ್ತು. ಸಿಸ್ಟೊಸೈರಾ ನೆಡುವ ಕೆಲಸ ಶುರುವಾಗುವುದಾದರೆ ಅದು ಇಂಥ ಕಡೆ ಆಗಲಿ, ಸಂಖ್ಯೆ ಇಳಿದ ಮೇಲೆ ಆಗಲಿ. ಇಲ್ಲದಿದ್ದರೆ ನೆಟ್ಟ ಸಸಿ ಹಿಂಡಿಗೆ ಊಟವಾಗುತ್ತದೆ.

ಪಶ್ಚಿಮದ ದೇಶಗಳಿಗೆ ಟರ್ಕಿಗೆ ಸಿಗದ ಒಂದು ಅವಕಾಶ ಇನ್ನೂ ಇದೆ. ಅಲ್ಲಿನ ಬಂಡೆಗಳ ಮೇಲೆ ಕಾಡು ಉಳಿದಿರುವಾಗಲೇ ಅದನ್ನು ಅಳೆದಿಡಬಹುದು: ಯಾವ ಕೊಲ್ಲಿಯಲ್ಲಿ ಯಾವ ಪಾಚಿ, ಎಷ್ಟು ದಟ್ಟ, ಒಂದು ಚದರ ಮೀಟರಿಗೆ ಎಷ್ಟು ಮೊಳಕೆ. ಪ್ರತಿ ವರ್ಷ ಅದೇ ಬಂಡೆಗೆ ಹೋಗಿ ಮತ್ತೆ ಎಣಿಸಬೇಕು. ಮೊಳಕೆಗಳು ಕಡಿಮೆಯಾಗುತ್ತಿವೆ ಎಂಬುದು ದೊಡ್ಡ ಗಿಡಗಳು ಹೋಗುವ ಮೊದಲೇ ಆ ಲೆಕ್ಕದಲ್ಲಿ ಕಾಣುತ್ತದೆ.